ಬೆನ್ನು ತಿರುಗಿಸಿದ ಕಾರ್ಡುಗಳು

ನಮ್ಮೂರಲ್ಲಿ ಕಬಡ್ಡಿ ಆಡುವವನು ಸತ್ತರೆ ಅವನ ಕಾರ್ಡು ಬೆನ್ನು ತಿರುಗಿಸುತ್ತದೆ. ಚಹಾಪುಡಿಯ ಪೊಟ್ಟಣದೊಳಗೆ ಬರುತ್ತಿದ್ದ ಅಂಗೈಯಗಲದ ಕಾರ್ಡು ಅದು. ತೊಡೆಯ ಮೇಲೆ ಕೈಯಿಟ್ಟುಕೊಂಡು ನಗುತ್ತ ನಿಂತಿದ್ದವನು ಒಂದು ಗಳಿಗೆಯಲ್ಲಿ ಆ ಕಡೆಗೆ ಮುಖ ಮಾಡಿ ನಿಂತುಬಿಡುತ್ತಾನೆ. ಆಮೇಲೆ ನಮಗೆ ಕಾಣುವುದು ಅವನ ಬೆನ್ನು, ಬೆನ್ನ ಮೇಲಿನ ಅಂಕಿ, ಕುತ್ತಿಗೆಯ ಹಿಂದಿನ ಕೂದಲು ಅಷ್ಟೆ. ಒಬ್ಬನ ಕಾರ್ಡು ಊರಿನ ಎಷ್ಟು ಮನೆಗಳಲ್ಲಿದ್ದರೂ ಎಲ್ಲ ಒಟ್ಟಿಗೇ ತಿರುಗುತ್ತವೆ. ಆಡದವರ ಫೋಟೋಗಳಿಗೆ ಏನೂ ಆಗುವುದಿಲ್ಲ. ಅವು ಗೋಡೆಯ ಮೇಲೆ ಹೇಗಿದ್ದವೋ ಹಾಗೇ ಇರುತ್ತವೆ.

ಊರಲ್ಲಿ ಎಲ್ಲರಿಗಿಂತ ಹೆಚ್ಚು ಕಾರ್ಡು ಕೂಡಿಸಿದವನು ನನ್ನ ಅಣ್ಣ ಗುರುಪಾದ. ಅವನು ದರ್ಜಿ. ಗಣಿ ಕಂಪನಿಯ ತಂಡಕ್ಕೆ ಬನಿಯನ್ನು, ಚಡ್ಡಿ ಹೊಲಿದು, ಬೆನ್ನಿಗೆ ಅಂಕಿ ಕೂಡಿಸಿ ಕೊಡುವುದು ಅವನ ಕೆಲಸ. ತಾನು ಮಾತ್ರ ಒಂದು ದಿನವೂ ಆಡಿದವನಲ್ಲ. ಆದರೆ ಅಂಗಡಿಯ ಕಪಾಟು ತೆರೆದರೆ ಒಂದು ಎಳೆ ದಾರವೂ ಸಿಗುತ್ತಿರಲಿಲ್ಲ, ತುಂಬ ಆಟದ ಸಾಮಾನು. ಯಾವುದೋ ಫೈನಲ್ಲಿನಲ್ಲಿ ಎದುರಾಳಿಯ ಮುಷ್ಟಿಯಲ್ಲೇ ಹರಿದುಳಿದ ಬನಿಯನ್ನಿನ ತೋಳು, ನಾಯಕ ಸಿದ್ರಾಮ ಮೊದಲ ವರ್ಷ ಕಟ್ಟಿಕೊಂಡಿದ್ದ ಮಂಡಿಪಟ್ಟಿ, ರೆಫ್ರಿಯ ಸೀಟಿ, ಹಳೇ ಮೈದಾನವನ್ನು ಕಂಪನಿಯವರು ಅಗೆದು ಹಾಕುವ ಮುಂಚೆ ಬಾಟಲಿಯಲ್ಲಿ ತುಂಬಿಟ್ಟುಕೊಂಡಿದ್ದ ಕೆಂಪು ಮಣ್ಣು. ಕಾರ್ಡುಗಳದ್ದೇ ಬೇರೆ ದೊಡ್ಡ ಆಲ್ಬಮ್ಮು. ಅಳತೆಗೆ ಬಂದವರು ಅದನ್ನು ಮುಟ್ಟಲು ಹೋದರೆ, "ಕೈ ತೊಳ್ಕೊಂಡ್ ಬರ್ರಿ" ಅನ್ನುತ್ತಿದ್ದ. ಅಷ್ಟು ಮಾತೇ ಅವನ ಬಾಯಿಂದ ಬರುವುದು ಹೆಚ್ಚು.

ಆಟಗಾರರ ಮನೆಯವರು ತಮ್ಮವರ ಕಾರ್ಡನ್ನು ಮನೆಯಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಚಹಾ ಪೊಟ್ಟಣದಲ್ಲಿ ತಮ್ಮ ಮಗನೇ ಬಂದರೆ ತಾಯಂದಿರು ಹಾಗೇ ಸೆರಗಲ್ಲಿ ಮುಚ್ಚಿಕೊಂಡು ತಂದು ಅಣ್ಣನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಮನೆಯಲ್ಲಿದ್ದರೆ ಒಲೆಯ ಮುಂದೆ ಕುಂತರೂ ಕಣ್ಣು ಅತ್ತಲೇ ಹೋಗುತ್ತದೆ ಅಂತ. ಹೀಗಾಗಿ ಊರಿನ ತಂಡವೆಲ್ಲ, ಹಳಬರು ಹೊಸಬರು ಅನ್ನದೆ, ಅಣ್ಣನ ಹತ್ತಿರವೇ ಸೇರಿತ್ತು. ಯಾರದಾದರೂ ತಿರುಗಿದರೆ ಅವನು ಅದನ್ನು ಆಲ್ಬಮ್ಮಿನಿಂದ ತೆಗೆದು, ಅಂಗಿಯ ಜೇಬಿನಲ್ಲಿಟ್ಟು, ಜೇಬಿನ ಮೇಲೆ ಅಂಗೈ ಇಟ್ಟುಕೊಂಡು ಆ ಮನೆಗೆ ನಡೆದು ಹೋಗುತ್ತಿದ್ದ. ಬಾಗಿಲಲ್ಲಿ ನಿಂತು ಏನೂ ಹೇಳದೆ ಕೊಟ್ಟು ಬರುವುದು ರೂಢಿ. ಅಣ್ಣ ಜೇಬಿನ ಮೇಲೆ ಕೈಯಿಟ್ಟುಕೊಂಡು ಓಣಿಯಲ್ಲಿ ಕಂಡರೆ ನೀರು ತರುವ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಿದ್ದರು. ಅವನು ದಾಟಿ ಹೋದ ಮೇಲೇ ಮತ್ತೆ ಎತ್ತುವುದು.

ಇದರಲ್ಲೂ ನಗುವುದಿತ್ತು. ಒಮ್ಮೆ ಕಾಶಪ್ಪನಿಗೆ ಜ್ವರ ಬಂದು ಮಾತು ನಿಂತಿತ್ತು. ಅವನು ಹಿಂದಿನ ಕಾಲದ ದೊಡ್ಡ ಆಟಗಾರ, ಮಂಡಿ ಹೋದ ಮೇಲೆ ಗಣಿ ಕೆಲಸ ಬಿಟ್ಟು ಸೈಕಲ್ ರಿಪೇರಿಗೆ ಕೂತವನು. ಜನ ಅವನ ಮನೆಗೆ ಹೋಗುವ ಬದಲು ಸಾಲುಗಟ್ಟಿ ಅಣ್ಣನ ಅಂಗಡಿಗೆ ಬಂದು ಇಣುಕಿ ಹೋದರು. ಜ್ವರ ಬಿಟ್ಟ ದಿನ ಕಾಶಪ್ಪ ತಾನೇ ಕೋಲೂರಿಕೊಂಡು ಬಂದ. "ಏ ಗುರಪಾದ, ನಾ ಬದುಕೇನೋ ಇಲ್ಲೋ ನೋಡಿ ಹೇಳೋ. ಮನ್ಯಾಗ ಶಾಂತವ್ವ ನಂಬವಲ್ಲಳು" ಅಂದು, ಹೊಟ್ಟೆ ಕುಣಿಸಿ ನಕ್ಕ. ಅಣ್ಣ ಆಲ್ಬಮ್ಮು ತೆರೆದು ತೋರಿಸಿದ. ತೆಳ್ಳಗೆ ಬೆತ್ತದಂತಿದ್ದ ತನ್ನನ್ನು ಕಾಶಪ್ಪ ಬಹಳ ಹೊತ್ತು ನೋಡಿ, "ಇಂವ ಇದ್ರ ಇದ್ದಾನು ಬಿಡು" ಅಂದು ಎದ್ದು ಹೋದ.

ಅಣ್ಣನಿಗೆ ಬಹಳ ದಿನ ಸಿಗದೆ ಕಾಡಿದ್ದು ಬಾಳೇಶನ ಕಾರ್ಡು. ಬಾಳೇಶ ತಂಡದಲ್ಲಿ ಎಂದೂ ಮೊದಲ ಏಳರೊಳಗೆ ಬಂದವನಲ್ಲ, ಹೊರಗೆ ಕಾದು ಕೂರುವವನು. ಯಾರಿಗೋ ಪೆಟ್ಟಾಗಿ ಒಮ್ಮೆ ಒಳಗೆ ಹೋಗಿ ಬಂದ. ಆ ವರ್ಷ ಚಹಾ ಕಂಪನಿಯವರು ಅವನದೂ ಒಂದಿಷ್ಟು ಅಚ್ಚು ಹಾಕಿಸಿದರು, ಆಮೇಲೆ ಕಾರ್ಡು ಹಾಕುವುದನ್ನೇ ನಿಲ್ಲಿಸಿದರು. ಅದು ಪಕ್ಕದೂರಿನ ಒಬ್ಬ ಕೂಡಿಸುವವನ ಬಳಿ ಇದೆ ಅಂತ ತಿಳಿದು ಅಣ್ಣ ಬಸ್ಸು ಹತ್ತಿ ಹೋದ. ಸಿದ್ರಾಮ ಫೈನಲ್ಲಿನಲ್ಲಿ ತೊಟ್ಟ, ಮಣ್ಣಿನ ಕಲೆಯನ್ನೂ ತೊಳೆಯದೆ ಇಟ್ಟಿದ್ದ ಬನಿಯನ್ನನ್ನು ಕೊಟ್ಟು ಅದನ್ನು ತಂದ. ನಾನು ಬೈದೆ. "ಅಂಥಾ ಚಿನ್ನದಂಥಾ ಬನೇನ ಕೊಟ್ಟು ಈ ಹುಡುಗನ್ನ ತಂದ್ಯಾ? ಮಂದಿ ನಗತಾರ." ಅಣ್ಣ ಕಾರ್ಡನ್ನು ಖಾಲಿ ಜಾಗದಲ್ಲಿ ಸೇರಿಸುತ್ತ, "ಅವನೂ ಆಡ್ಯಾನಲ್ಲ ತಂಗಿ" ಅಂದ.

ನನ್ನ ಗಂಡ ದ್ಯಾಮಣ್ಣ ಆಡಿದವನಲ್ಲ. ಗಣಿಯ ಮೂಡಣ ಸುರಂಗದಲ್ಲಿ ಮರದ ತೊಲೆ ನಿಲ್ಲಿಸಿ ಆಸರೆ ಕಟ್ಟುವ ಕೆಲಸ ಅವನದು. "ಉಸಿರು ಹಿಡಿಯೋದು ಕೆಳಗ ಸಾಕಾಗೇತಿ, ಮ್ಯಾಲ ಬಂದೂ ಹಿಡೀಲೇನು?" ಅನ್ನುತ್ತಿದ್ದ. ಬಾಳೇಶ ಅವನ ಕೈಕೆಳಗೇ ಇದ್ದ. ಇಬ್ಬರೂ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು. ಹಾಗಾಗಿ ನಾನು ಬುತ್ತಿಗೆ ಯಾವಾಗಲೂ ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದೆ.

ಮಧ್ಯಾಹ್ನ ತಾಲೀಮಿಗೆ ಬಿಡುವಿರಲಿ ಅಂತ ಆಟಗಾರರನ್ನೆಲ್ಲ ಕಂಪನಿಯವರು ಬೆಳಗಿನ ಶಿಫ್ಟಿಗೇ ಹಾಕಿದ್ದರು. ಅದೊಂದು ದಿನ ಬಿಸಿಲೇರುವ ಹೊತ್ತಿಗೆ ಸೈರನ್ನು ಕೂಗಲು ಹಿಡಿದದ್ದು ನಿಲ್ಲಲೇ ಇಲ್ಲ. ನಾನು ಬಟ್ಟೆ ಒಗೆಯುತ್ತಿದ್ದವಳು ಹಾಗೇ ಓಡಿದೆ. ಗಣಿಗಿಳಿಯುವ ಶಾಫ್ಟಿನ ಬಾಯಿಂದ ಕರಿ ಹೊಗೆ ಹಗ್ಗದ ಹುರಿಯಂತೆ ಸುತ್ತಿಕೊಂಡು ಮೇಲೇಳುತ್ತಿತ್ತು. ಕೆಳಗೆ ತೊಲೆಗಳಿಗೆ ಬೆಂಕಿ ಬಿದ್ದಿದೆ, ಆಳುಗಳನ್ನು ಇಳಿಸಿ ಹತ್ತಿಸುವ ಕೇಜು ಅರ್ಧಕ್ಕೇ ಸಿಕ್ಕಿಕೊಂಡಿದೆ ಅಂದರು. ಹತ್ತಿರ ಇದ್ದ ಕೆಲವರು ಕೆಮ್ಮುತ್ತ, ತೆವಳುತ್ತ ಮೇಲೆ ಬಂದಿದ್ದರು. ಅವರಲ್ಲಿ ದ್ಯಾಮಣ್ಣ ಇರಲಿಲ್ಲ. ತಂಡದವನೊಬ್ಬನೂ ಇರಲಿಲ್ಲ.

ಅಲ್ಲಿ ಕಾವಲಿನವರು ಹಗ್ಗ ಕಟ್ಟಿ ಯಾರನ್ನೂ ಹತ್ತಿರ ಬಿಡಲಿಲ್ಲ. ಯಾರು ಮೊದಲು ಹೊರಟರೋ, ಎಲ್ಲರೂ ಅಣ್ಣನ ಅಂಗಡಿಯ ಕಡೆಗೆ ತಿರುಗಿದೆವು. ನಾವು ಹೋಗುವ ಹೊತ್ತಿಗೆ ಅಣ್ಣ ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ಖಾಲಿ ಮಾಡಿ, ಆಲ್ಬಮ್ಮಿನಿಂದ ಈಗಿನ ತಂಡದವರ ಕಾರ್ಡುಗಳನ್ನೆಲ್ಲ ತೆಗೆದು ಅಲ್ಲಿ ಹರಡಿದ್ದ. ಸಿದ್ರಾಮನ ಮುಖ ಮಾತ್ರ ಅಲ್ಲಿರಲಿಲ್ಲ. ಅವನು ಆಗಲೇ ತಿರುಗಿದ್ದ. ಅವನ ಹೆಂಡತಿ ಬಾಗಿಲಿಗೆ ಬಂದವಳು ಅಂಕಿ ನೋಡಿ ಹಾಗೇ ಚೌಕಟ್ಟಿಗೆ ಒರಗಿ ಕುಸಿದಳು. ಅವಳನ್ನು ಎತ್ತಿ ನೀರು ಕುಡಿಸುವಷ್ಟರಲ್ಲಿ ಇನ್ನೊಬ್ಬ ತಿರುಗಿದ. ತಿರುಗುವುದನ್ನು ನಾನು ಕಣ್ಣಾರೆ ಕಂಡದ್ದು ಅಂದೇ ಮೊದಲು. ಯಾರೋ ಹಿಂದಿನಿಂದ ಹೆಸರು ಹಿಡಿದು ಕರೆದರೆ ಹೊರಳುತ್ತೇವಲ್ಲ, ಹಾಗೆ. ಸದ್ದಿಲ್ಲ, ಏನಿಲ್ಲ.

ಮಾರನೆಯ ದಿನ ಬೆಳಗಾದಾಗ ಮೇಜಿನ ಮೇಲೆ ಮುಖ ಉಳಿದದ್ದು ಬಾಳೇಶನೊಬ್ಬನದೇ. ಅವನ ತಾಯಿ ಗೌರವ್ವ ಮೇಜಿನ ಅಂಚಿಗೆ ಗದ್ದ ಊರಿ ಕೂತವಳು ಕಣ್ಣು ಮಿಟುಕಿಸಲೂ ಹೆದರುತ್ತಿದ್ದಳು. ಬೆನ್ನು ಕಂಡವರು ಎದ್ದು ಮನೆಗೆ ಹೋಗಿದ್ದರು. ಅವರಿಗೆ ಮಾಡುವ ಕೆಲಸವಿತ್ತು, ಅಳುವುದಿತ್ತು. ಉಳಿದವರು ನಾವು, ಕಾರ್ಡಿಲ್ಲದವರ ಹೆಂಡಂದಿರು. ನಮ್ಮ ಗಂಡಂದಿರು ಇದ್ದಾರೋ ಇಲ್ಲವೋ ಹೇಳಲು ಈ ಲೋಕದಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಮೂಡಣ ಸುರಂಗದವರೆಲ್ಲ ಬಾಳೇಶನ ಹತ್ತಿರ ಹತ್ತಿರ ಸರಿದು ಕೂತೆವು. ಅವನು ಬದುಕಿದ್ದರೆ ಅಲ್ಲಿ ಗಾಳಿ ಇದೆ. ಗಾಳಿ ಇದ್ದರೆ ನಮ್ಮವರೂ ಇದ್ದಾರೆ. "ಅಕ್ಕಾ, ದ್ಯಾಮಣ್ಣ ಇವನ್ನ ಬಿಟ್ಟು ಎಲ್ಲಿ ಹೋಗಿರ್ತಾನ? ಇಬ್ಬರೂ ಒಂದ ಕಡೆ ಇರ್ತಾರ ನೋಡ" ಅಂತ ಗೌರವ್ವ ನನ್ನ ಕೈ ಹಿಡಿದಳು. ನಾನು ಹೌದು ಅಂದೆ. ಒಳಗೆ ಹೋಗಿ ಅಣ್ಣನ ಒಲೆ ಹಚ್ಚಿ ರೊಟ್ಟಿ ಬಡಿದೆ. ಇಬ್ಬರೂ ಹಸಿದು ಬರುತ್ತಾರೆ ಅಂತ ಬುಟ್ಟಿ ತುಂಬ ಬಡಿದೆ.

ಮಧ್ಯಾಹ್ನ ಗಣಿಯ ಮ್ಯಾನೇಜರು ವಾಸುದೇವರಾಯರು ಬಂದರು. ಮುಖ, ಅಂಗಿ ಎಲ್ಲ ಮಸಿ. ಹೆಂಗಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ನಾನು ಒಳಗೆ ಒಲೆಯ ಮುಂದಿದ್ದೆ, ನಡುವೆ ಒಂದು ಪರದೆ ಮಾತ್ರ.

"ಗುರುಪಾದ, ಇದೊಂದೇ ಉಳಿದಿರೋದಾ?" ಅಂದರು.

"ಹೌದ್ರಿ."

"ಹೊಗೆ ಪಡುವಣದ ಶಾಫ್ಟಿಗೂ ಬರ್ತಾ ಇದೆ. ಬಾಯಿ ಮುಚ್ಚಿ ಗಾಳಿ ನಿಲ್ಲಿಸಿದರೆ ಬೆಂಕಿ ಆರುತ್ತೆ. ಇಲ್ಲದಿದ್ರೆ ಇಡೀ ಗಣಿ ಹೋಗುತ್ತೆ. ಸಂಜೆಯೊಳಗೆ ಮುಚ್ಚಬೇಕು."

"ಒಳಗ ಮನಷ್ಯಾ ಅದಾನಲ್ರಿ."

"ಒಬ್ಬ."

"ಕಾರ್ಡ್ ಇದ್ದಾವ ಒಬ್ಬ, ಸಾಹೇಬ್ರ. ಕಾರ್ಡ್ ಇಲ್ದವ್ರು ಎಷ್ಟ ಮಂದಿ ಜೀವಂತ ಅದಾರ, ನಿಮಗ ಗೊತ್ತೇನ್ರಿ?"

ರಾಯರು ಕುರ್ಚಿಯ ಮೇಲೆ ಕೂತ ಸದ್ದಾಯಿತು. ಆಮೇಲೆ ಅವರ ದನಿ ಇಳಿಯಿತು. "ಕಾರ್ಡು ನನ್ನ ಕೈಗೆ ಕೊಡು. ಈಗಷ್ಟೇ ತಿರುಗಿತು ಅಂತ ಹೇಳಿಬಿಡು. ಇದು ಹೀಗೇ ಇದ್ರೆ ಜನ ಮುಚ್ಚೋಕೆ ಬಿಡಲ್ಲ, ತಾವೇ ಇಳೀತಾರೆ. ಇಳಿದವರೂ ಸಾಯ್ತಾರೆ. ಅವರ ಹೆಂಡತಿ ಮಕ್ಕಳಿಗೆ ನೀನು ಏನಂತ ಹೇಳ್ತೀಯ?" ಹೆದರಿಸಿ ಹೇಳಿದ ಮಾತಲ್ಲ ಅದು. ಅವರೇ ಹಿಂದಿನ ದಿನ ಎರಡು ಸಲ ಕೆಳಗಿಳಿದು ಬಂದಿದ್ದರೆಂದು ಆಮೇಲೆ ತಿಳಿಯಿತು.

ಅಣ್ಣ ಪರದೆಯ ಕಡೆಗೆ ನೋಡಿದ. ಸಂದಿಯಿಂದ ನನಗೆ ಅವನ ಕಣ್ಣು ಕಂಡವು. ಕೇಳಬೇಕೆಂದು ನೋಡಿದನೋ, ಹೇಳಬೇಕೆಂದು ನೋಡಿದನೋ ಗೊತ್ತಿಲ್ಲ. ನಾನು ಹಿಟ್ಟಿನ ಕೈಯಲ್ಲೇ ನಿಂತಿದ್ದೆ. ಅವನು ಬಾಳೇಶನ ಕಾರ್ಡನ್ನೆತ್ತಿ, ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಅಂಗೈ ಇಟ್ಟುಕೊಂಡು ಬಾಗಿಲು ತೆಗೆದ.

ಹೊರಗಿನ ಹೆಂಗಸರಿಗೆ ಮೊದಲು ಕಂಡದ್ದು ಆ ಕೈ. ಗೌರವ್ವನ ಬಾಯಿಂದ ಹೊರಟ ಕೂಗನ್ನು ನಾನು ಬರೆಯಲಾರೆ. ಅಣ್ಣ ಗಾಬರಿಯಾಗಿ ಕಾರ್ಡನ್ನು ಹೊರಗೆ ತೆಗೆದು, ಎಲ್ಲರಿಗೂ ಮುಖ ಕಾಣುವ ಹಾಗೆ ತಲೆಯ ಮೇಲೆ ಎತ್ತಿ ಹಿಡಿದ. "ಅದಾನ! ಅದಾನವ್ವ, ನೋಡ್ರಿ!" ಅಂದ. ಅಷ್ಟು ಜೋರಾಗಿ ಅವನು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಹಾಗೇ ಹಿಡಿದುಕೊಂಡು ಬೀದಿಯಲ್ಲಿ ನಡೆದ. ಅವನ ಹಿಂದೆ ನಾವು, ನಮ್ಮ ಹಿಂದೆ ಊರು. ಸ್ವಲ್ಪ ಹೊತ್ತಿಗೆ ರಾಯರೂ ಬಂದರು.

ಶಾಫ್ಟಿನ ಬಾಯಿಗೆ ಮುಚ್ಚಲು ಹಲಗೆ, ಮಣ್ಣು ತಂದು ಒಟ್ಟಿದ್ದರು. ಅಣ್ಣ ಆ ಮಣ್ಣಿನ ಗುಡ್ಡೆಯ ಮೇಲೆ ಹತ್ತಿ ನಿಂತ. ಯಾರೂ ಮುಚ್ಚಲು ಮುಂದೆ ಬರಲಿಲ್ಲ, ಇಳಿಯಲೂ ಮುಂದೆ ಬರಲಿಲ್ಲ. ಗಂಡಸರು ನೆಲ ನೋಡುತ್ತಿದ್ದರು. ಆಗ ಗುಂಪನ್ನು ಸರಿಸಿಕೊಂಡು ಕಾಶಪ್ಪ ಬಂದ. ಸೈಕಲ್ಲಿನ ಗ್ರೀಸು ಮೆತ್ತಿದ ಕೈಗಳನ್ನು ಚಡ್ಡಿಗೆ ಒರೆಸಿಕೊಳ್ಳುತ್ತ ರಾಯರಿಗೆ ಹೇಳಿದ: "ಮೂಡಣದ ಕಡೆ ಹಳೇ ಗಾಳಿದಾರಿ ಒಂದು ಐತ್ರಿ ಸಾಹೇಬ್ರ, ನಮ್ಮ ಕಾಲದಾಗ ಹೊಡದದ್ದು. ತೆವಳ್ಕೊಂಡು ಹೋಗಬೇಕು. ನಾ ಬಲ್ಲೆ."

"ನಿನ್ನ ಮಂಡಿ ಇಟ್ಕೊಂಡು ಹೋಗ್ತೀಯಾ?" ಅಂದರು ರಾಯರು.

"ತೆವಳೂದಕ್ಕ ಮಂಡಿ ಬ್ಯಾಡ್ರಿ, ಹೊಟ್ಟಿ ಸಾಕು." ಯಾರೂ ನಗಲಿಲ್ಲ.

"ಅಲ್ಲೇನಾದ್ರೂ ಆದ್ರೆ ನಮಗೆ ತಿಳಿಯೋದೂ ಇಲ್ಲ, ಕಾಶಪ್ಪ."

"ನಂದು ತಿಳೀತೈತ್ರಿ. ಗುರಪಾದನ ಹಂತ್ಯಾಕ ನನ್ನ ಕಾರ್ಡ್ ಐತಿ. ಅದು ತಿರುಗಿದ್ರ ಹಿಂದಿಂದ ಯಾರನ್ನೂ ಕಳಿಸಬ್ಯಾಡ್ರಿ, ಮುಚ್ಚಿಬಿಡ್ರಿ." ಆ ಮಾತು ಬಿದ್ದ ಮೇಲೆ ಅವನ ಕಾಲದ ತಂಡದವರು ಮೂವರು ಮುಂದೆ ಬಂದರು. ಒಬ್ಬನ ತಲೆ ಪೂರ್ತಿ ನರೆತಿತ್ತು, ಒಬ್ಬ ದಿನಸಿ ಅಂಗಡಿ ಬಿಟ್ಟು ಬಂದಿದ್ದ. ಕಾರ್ಡಿದ್ದವರಷ್ಟೇ ಬಂದರು. ಕಾರ್ಡಿಲ್ಲದ ಇಬ್ಬರು ಹುಡುಗರು ಎದ್ದರೂ ಕಾಶಪ್ಪ ಅವರನ್ನು ಬೈದು ಕೂರಿಸಿದ. ಅವರು ಒದ್ದೆ ಗೋಣಿ ಸುತ್ತಿಕೊಂಡು, ಹಗ್ಗ ಹೊತ್ತುಕೊಂಡು ಗುಡ್ಡದ ಮೂಡಣ ಮಗ್ಗುಲಿಗೆ ಹೋದರು. ರಾಯರು, "ಸಂಜೆ ಸೈರನ್ನಿನವರೆಗೆ" ಅಂತ ಮಾತ್ರ ಹೇಳಿದರು.

ಅಣ್ಣ ನನ್ನನ್ನು ಹತ್ತಿರ ಕರೆದ. "ನಿಂಗವ್ವ, ನೀ ಅಂಗಡಿಗೆ ಹೋಗು. ಆಲ್ಬಮ್ ತಗದು ಆ ನಾಕೂ ಮಂದೀದ ಹೊರಗ ಇಡು. ಅವರ ಮನೀ ಹೆಣ್ಮಕ್ಕಳು ಬರ್ತಾರ, ಯಾರರ ಒಬ್ಬರು ಅವರ ಜೋಡಿ ಇರಬೇಕು." ಅವನ ಕೈ ಇನ್ನೂ ಮೇಲೇ ಇತ್ತು, ಬಾಳೇಶ ನಗುತ್ತಲೇ ಇದ್ದ. ನನಗೆ ಅಲ್ಲೇ ಇರಬೇಕೆನಿಸಿತ್ತು. ಆದರೂ ಹೋದೆ.

ನಾಲ್ವರ ಹೆಂಡಂದಿರೂ ನನಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಕೈ ತೊಳೆದುಕೊಂಡು ಹಳೆಯ ಹಾಳೆಗಳನ್ನು ತಿರುವಿ ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟೆ. ಎಲ್ಲರೂ ಹರೆಯದ ಹುಡುಗರು, ಮೀಸೆ ಚಿಗುರಿದವರು. ಕಾಶಪ್ಪನ ಹೆಂಡತಿ ಶಾಂತವ್ವ ತನ್ನ ಗಂಡನದನ್ನು ನೋಡಿ, "ಮದಿವ್ಯಾದಾಗ ಹಿಂಗ ಇದ್ದ" ಅಂದಳು. ಬಿಸಿಲು ಮೇಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಿತು. ಶಾಂತವ್ವನ ಕೈಯಲ್ಲಿ ಒಂದು ಸೊಪ್ಪಿನ ಕಟ್ಟಿತ್ತು, ಸಂತೆಯಿಂದ ಹಾಗೇ ಬಂದಿದ್ದಳು. ಕೂತಲ್ಲೇ ಒಂದೊಂದೇ ಎಲೆ ಬಿಡಿಸಿ ಮಡಿಲಲ್ಲಿ ಹಾಕಿಕೊಳ್ಳುತ್ತಿದ್ದಳು. ಕಟ್ಟು ಇನ್ನೂ ಮುಗಿದಿರಲಿಲ್ಲ, ಕಾಶಪ್ಪ ತಿರುಗಿದ. ಅವಳ ಬೆರಳು ಆ ಎಲೆಯ ಮೇಲೇ ನಿಂತಿತು. ನಾನು ಅವಳ ಹೆಗಲು ಹಿಡಿದೆ. ಅವಳು ನನ್ನ ಕೈ ತೆಗೆಯಲಿಲ್ಲ, ಅಳಲೂ ಇಲ್ಲ. ಉಳಿದ ಮೂವರು ಹೆಂಗಸರು ಅವಳ ಕಡೆ ತಿರುಗಿ ನೋಡಲೂ ಆಗದೆ ತಮ್ಮ ತಮ್ಮ ಕಾರ್ಡಿನ ಮೇಲೆ ಕಣ್ಣು ನೆಟ್ಟಿದ್ದರು. ಅವರನ್ನು ಏನೆಂದು ಅನ್ನುವುದು. ಆ ಮೂರೂ ಮುಖ ಇನ್ನೂ ಈ ಕಡೆಗೇ ಇದ್ದವು, ಹಾಗಾಗಿ ಮುಚ್ಚಿರಿ ಅಂತ ನಾನು ಹೇಳಿ ಕಳಿಸಲಿಲ್ಲ.

ಸೈರನ್ನಿಗೆ ಸ್ವಲ್ಪ ಮುಂಚೆ ಗುಡ್ಡದ ಕಡೆಯಿಂದ ಕೂಗು ಕೇಳಿತು. ಗಾಳಿದಾರಿಯಿಂದ ಆ ಮೂವರು, ಹಗ್ಗಕ್ಕೆ ಬಾಳೇಶನನ್ನು ಕಟ್ಟಿಕೊಂಡು ಎಳೆದು ತಂದಿದ್ದರು. ಮಣ್ಣಿನ ಹೆಂಟೆಯ ಹಾಗಿದ್ದ, ಕಣ್ಣು ಮಾತ್ರ ತೆರೆದಿತ್ತು. ಗೌರವ್ವ ಅವನ ಮೇಲೆ ಬಿದ್ದಳು. ಮೂಡಣ ಸುರಂಗದ ಹೆಂಗಸರೆಲ್ಲ ಗಾಳಿದಾರಿಯ ಬಾಯಿಯ ಸುತ್ತ ನಿಂತು ಮುಂದಿನವರು ಬರಲೆಂದು ಕಾದರು. ನಾನೂ ಓಡಿ ಹೋಗಿ ನಿಂತೆ. ದಿನಸಿ ಅಂಗಡಿಯವನು ನಮ್ಮ ಮುಂದೆ ನೆಲದ ಮೇಲೆ ಕೂತು ತಲೆ ಅಲ್ಲಾಡಿಸಿದ. "ಇನ್ನ ಯಾರೂ ಇಲ್ರವ್ವ. ಇಂವ ಒಬ್ಬನ ಇದ್ದ. ಉಳದವ್ರು ಯಾವಾಗೋ..." ಅಂದ. ಕಾಶಪ್ಪ ಬಾಳೇಶನನ್ನು ಕಲ್ಲಿನ ಸಂದಿಯಿಂದ ಈ ಕಡೆಗೆ ನೂಕಿ ಕೊಟ್ಟನಂತೆ. ತಾನು ಹೊರಳುವಷ್ಟರಲ್ಲಿ ಮೇಲಿನದು ಕುಸಿಯಿತು. ಆ ಸಂಜೆ ಶಾಫ್ಟನ್ನೂ ಗಾಳಿದಾರಿಯನ್ನೂ ಮುಚ್ಚಿದರು. ಯಾರೂ ಬೇಡ ಅನ್ನಲಿಲ್ಲ.

ಬಾಳೇಶ ಮಾತಾಡಲು ಬಹಳ ದಿನ ಹಿಡಿಯಿತು. ಓಡಾಡುವ ಹಾಗಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ನಾನು ಕೇಳಲಿಲ್ಲ, ಅವನೇ ಹೇಳಿದ. "ದ್ಯಾಮಣ್ಣ ಕಾಕಾ ಮೊದಲ್ನೇ ದಿನಾನ ಹ್ವಾದ, ಕಾಕೂ. ಸೈರನ್ ಕೂಗಾಕ ಹತ್ತಿದ ಹೊತ್ತಿನ್ಯಾಗ. ತೊಲಿ ಬಿದ್ದು ಎದಿಗೆ ಬಡೀತು. ಡಬ್ಬಿಯೊಳಗಿನ ನೀರಾಗ ತನ್ನ ಹೆಗಲ ಮ್ಯಾಲಿನ ಪಂಜಾ ತೋಯಿಸಿ ನನ್ನ ಮಾರಿಗೆ ಕಟ್ಟಂದ. ನಾ ಕಟ್ಟಿಕೊಂಡೆ. ಆಮ್ಯಾಲ ರೊಟ್ಟಿ ತಿನ್ನಂದ. ನಾ ಅವನ ಬಾಜೂಕ ಕುಂತ ತಿಂದೆ." ಅವನು ಅಳುತ್ತಿದ್ದ. ನಾನು ಲೆಕ್ಕ ಹಾಕಿದೆ. ನಾನು ಬಟ್ಟೆ ಬಿಟ್ಟು ಓಡುತ್ತಿದ್ದಾಗಲೇ ದ್ಯಾಮಣ್ಣ ಇರಲಿಲ್ಲ. ಗೌರವ್ವನ ಕೈ ಹಿಡಿದು ಹೌದು ಅಂದಾಗ ಇರಲಿಲ್ಲ. ಬುಟ್ಟಿ ತುಂಬ ರೊಟ್ಟಿ ಬಡಿದಾಗ ಇರಲಿಲ್ಲ. ನಮ್ಮ ಮದುವೆಯ ಫೋಟೋದಲ್ಲಿ ಅವನು ಈಗಲೂ ನೆಟ್ಟಗೆ ನನ್ನನ್ನೇ ನೋಡುತ್ತಾನೆ. ಅದಕ್ಕೇನೂ ಗೊತ್ತಿಲ್ಲ.

ಅಣ್ಣ ಕಾಶಪ್ಪನ ಕಾರ್ಡನ್ನು ಕೊಡಲು ಹೋಗಬೇಕಿತ್ತು. ಹೋಗಲಾರದೆ ಹೋಗಲಾರದೆ ದಿನ ಕಳೆದ. ಊಟ ಸೇರುತ್ತಿರಲಿಲ್ಲ, ಮಷೀನಿನ ಮುಂದೆ ಕೂತರೆ ಸೂಜಿಗೆ ದಾರ ಹಾಕುವುದನ್ನೇ ಮರೆಯುತ್ತಿದ್ದ. "ರಾಯರು ಹೇಳಿದ್ದ ಖರೇ ಆತು ತಂಗಿ" ಅನ್ನುತ್ತಿದ್ದ. "ಬಾಳೇಶ ಬಂದನಲ್ಲ" ಅಂದರೆ, "ಬಂದ" ಅನ್ನುತ್ತಿದ್ದ, ಅಷ್ಟೆ. ಕೊನೆಗೆ ಶಾಂತವ್ವನೇ ಬಂದಳು. ಅಣ್ಣ ಎದ್ದು ನಿಂತು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ.

"ಮನ್ಯಾಗ ಒಬ್ಬಾಕಿ ಇರ್ತೇನಿ. ಅಲ್ಲಿಟ್ರ ನನಗೊಬ್ಬಾಕಿಗೇ ಬೆನ್ನ ತೋರಿಸ್ಕೋತ ನಿಲ್ತಾನ. ಇಲ್ಲೇ ಇರ್ಲಿ" ಅಂದಳು. ಆಮೇಲೆ ನನ್ನ ಪಕ್ಕಕ್ಕೆ ಬಂದು ಕೂತು, "ನನಗರ ಆ ಗಳಿಗ್ಯಾಗ ಗೊತ್ತಾತು ನಿಂಗವ್ವ. ನಿನಗ ಅದೂ ಇಲ್ಲ" ಅಂದಳು. ಅವಳ ಬೈಗುಳಕ್ಕೆ ಕಾದು ಕೂತಿದ್ದವಳು ನಾನು. ಅಂದು ಮೊದಲ ಸಲ ಬಾಯಿ ಬಿಟ್ಟು ಅತ್ತೆ.

ಗಣಿ ಮತ್ತೆ ತೆರೆಯುವ ಮಾತು ಬಂದಾಗ ಹೆಂಗಸರು ಗಂಡಂದಿರನ್ನು ಕೆಳಗಿಳಿಯಲು ಬಿಡಲಿಲ್ಲ. ಎಲ್ಲರಿಗೂ ಕಾರ್ಡು ಬೇಕು ಅಂದರು. ಆಡದವನಿಗೆ ಕಾರ್ಡು ಮಾಡಿಸಿ ಪ್ರಯೋಜನವಿಲ್ಲ, ಅದು ತಿರುಗುವುದಿಲ್ಲ. ಹಾಗಾದರೆ ಆಡಲಿ ಅಂದರು. ಕಂಪನಿಯ ಮೈದಾನದಲ್ಲಿ ಗೆರೆ ಎಳೆದು, ಊರಿನ ಗಂಡಸರೆಲ್ಲ ಒಬ್ಬೊಬ್ಬರಾಗಿ ಕಬಡ್ಡಿ ಕಬಡ್ಡಿ ಅನ್ನುತ್ತ ಆ ಕಡೆಗೆ ಹೋಗಿ ಬಂದರು. ದಮ್ಮಿನವರು, ಕನ್ನಡಕದವರು, ಜೀವಮಾನದಲ್ಲಿ ಓಡದವರು. ಯಾರೂ ಯಾರನ್ನೂ ಹಿಡಿಯಲಿಲ್ಲ. ಅಂಚಿನಲ್ಲಿ ಕೂತ ಹೆಂಗಸರು ಚಪ್ಪಾಳೆ ತಟ್ಟಲಿಲ್ಲ, ತಮ್ಮವನು ಗೆರೆ ಮುಟ್ಟಿದನೋ ಇಲ್ಲವೋ ಅಂತ ನೋಡಿಕೊಂಡರು. ಊರಿನ ಪ್ರೆಸ್ಸಿನವನು ಕಾರ್ಡು ಅಚ್ಚು ಹಾಕಿಕೊಟ್ಟ. ಬನಿಯನ್ನುಗಳ ರಾಶಿಯೇ ಬಂದು ಬಿತ್ತು. ಅಣ್ಣನೊಬ್ಬನಿಂದ ಆಗದೆ ನಾನೂ ಶಾಂತವ್ವನೂ ಅಂಕಿ ಕತ್ತರಿಸಿ ಹೊಲಿಯಲು ಕೂತೆವು. ಯಾವ ಅಂಕಿ ಬೇಕು ಅಂತ ಒಬ್ಬ ಹುಡುಗನನ್ನು ಕೇಳಿದೆ. "ಯಾವುದರ ಇರ್ಲಿ ಅಕ್ಕಾ, ಹಿಂದಿಂದ ನೋಡಿದ್ರ ನಮ್ಮವ್ವಗ ಗುರುತ ಹತ್ತಿದ್ರ ಸಾಕು" ಅಂದ. ಅವನು ತಮಾಷೆಗೆ ಹೇಳಿರಲಿಲ್ಲ.

ಈಗ ಅಂಗಡಿಯ ಗೋಡೆಗಳ ತುಂಬ ಕಾರ್ಡುಗಳು. ಆಲ್ಬಮ್ಮಿನಲ್ಲಿ ಹಿಡಿಸುವುದಿಲ್ಲ. ಬೆಳಗಿನ ಶಿಫ್ಟಿನ ಸೈರನ್ನು ಆದ ಕೂಡಲೇ ಹೆಂಗಸರು ಬರುತ್ತಾರೆ. ಕೆಲವರು ಬಾಗಿಲಿನಿಂದಲೇ ಒಮ್ಮೆ ನೋಡಿ ನೀರಿಗೆ ಹೋಗುತ್ತಾರೆ. ಕೆಲವರು ಕಾಳು ಆರಿಸುವುದನ್ನು ತಂದುಕೊಂಡು ಶಿಫ್ಟು ಬಿಡುವವರೆಗೆ ಕೂರುತ್ತಾರೆ. ಮಾತು ಕಡಿಮೆ. ಅಣ್ಣ ಹೊಸದಾಗಿ ಏನನ್ನೂ ಕೂಡಿಸುತ್ತಿಲ್ಲ. ಕಾರ್ಡುಗಳ ಕಡೆಗೆ ಬೆನ್ನು ಮಾಡಿ ಕೂತು ಹೊಲಿಯುತ್ತಾನೆ.

ಮೊನ್ನೆ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು, ಗಂಡನ ಮೊದಲ ದಿನದ ಶಿಫ್ಟಿಗೆ, ಬಂದು ಗೋಡೆಯ ಮುಂದೆ ನಿಂತಳು. ಬಹಳ ಹೊತ್ತಾದ ಮೇಲೆ ನಮ್ಮ ಕಡೆ ಹೊರಳಿ, ಮಷೀನು ತುಳಿಯುತ್ತಿದ್ದ ನಮ್ಮಿಬ್ಬರನ್ನೂ ನೋಡಿ, "ಅಕ್ಕಾ, ನೀವು ಹ್ಯಾಂಗ ಕೆಲಸ ಮಾಡ್ತೀರಿ? ನಿಮಗ ನೋಡಬೇಕನಿಸೂದಿಲ್ಲೇನ್ರಿ?" ಅಂತ ಕೇಳಿದಳು.

ಶಾಂತವ್ವ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ನಮ್ಮದು ನೋಡಿ ಆತವ್ವ" ಅಂದಳು. "ನೀ ನೋಡು." ನಾನು ಎದ್ದು ಆ ಹುಡುಗಿಗೆ ಕೂರಲು ಒಂದು ಮಣೆ ತಂದು ಹಾಕಿದೆ.